ದಕ್ಕೆಗೆ ಮೊದಲು ಕಕ್ಕಸು ಕೊಡಿ, ಆಮೇಲೆ ನೋಟಿಸ್: ಮೀನುಗಾರಿಕೆ ಮತ್ತು ಬಂದರು ಸಚಿವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಕೊಡಗಿನವನಿಗೆ ಬಂದರಿನ ಉಸಾಬರಿ ಯಾಕೆ ಅಂತ ನಿಮಗೆ ಅನಿಸಬಹುದು. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ದೋಣಿ ಅಂದ್ರೆ ನಮಗೆ ದುಬಾರೆಯಲ್ಲಿ ಕಾವೇರಿ ದಾಟಿಸುವ ದೋಣಿ, ಅಷ್ಟೇ. ಆದರೆ ಮೀನು ತಿನ್ನುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಬೋಟು ನಿಂತು ಮೀನು ಇಳಿಸುವ ಕಟ್ಟೆಯಲ್ಲಿ, ಗಾಡಿಗೆ ತುಂಬಿದ ಬಂಗುಡೆ ಪುತ್ತೂರು, ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬರುತ್ತದೆ. ವಿರಾಜಪೇಟೆ ಕಡೆಗೆ ಕಣ್ಣೂರು, ತಲಶ್ಶೇರಿಯಿಂದ ಮತ್ತಿ ಬರುತ್ತದೆ. ಅಲ್ಲಿನ ನೀರು ಹೇಗಿದೆ ಎಂದು ಕೇಳುವ ಹಕ್ಕು ನಮಗೂ ಇದೆ ಅಲ್ವಾ?

ಇನ್ನೂ ಒಂದು ಸಂಬಂಧ ಇದೆ. ನಾನು ಸೋಮವಾರಪೇಟೆ ತಾಲ್ಲೂಕಿನವನು. ನಮ್ಮ ಪುಷ್ಪಗಿರಿ ಸಾಲಿನಲ್ಲಿ ಹುಟ್ಟುವ ಕುಮಾರಧಾರೆ ಸುಬ್ರಹ್ಮಣ್ಯ ಮುಟ್ಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತಾಳೆ. ನೇತ್ರಾವತಿ ಮತ್ತು ಗುರುಪುರ ಹೊಳೆ ಎರಡೂ ಸಮುದ್ರ ಸೇರುವುದು ಮಂಗಳೂರಿನ ಒಂದೇ ಅಳಿವೆಯಲ್ಲಿ. ಅದರ ಪಕ್ಕದಲ್ಲೇ ಮೀನುಗಾರಿಕಾ ಬಂದರು. ಅಂದರೆ ನಮ್ಮ ಬೆಟ್ಟದ ಮಳೆನೀರಿನ ಒಂದು ಪಾಲು ಕೊನೆಗೆ ಹೋಗುವುದು ನಿಮ್ಮ ಬೋಟುಗಳು ಬಂದು ಹೋಗುವ ಜಾಗಕ್ಕೇ.

ವಿಷಯ ಸ್ವಲ್ಪ ಮುಜುಗರದ್ದು. ಬೋಟಿನವರು ಬಂದರಿನಲ್ಲಿ ನಿಂತಾಗ ಬಹಿರ್ದೆಸೆಗೆ ಎಲ್ಲಿ ಹೋಗುತ್ತಾರೆ? ವೇದಿಕೆ ಮೇಲೆ ಯಾರೂ ಈ ಮಾತು ಎತ್ತುವುದಿಲ್ಲ. ಡೀಸೆಲ್ ಸಬ್ಸಿಡಿ ಬಗ್ಗೆ ಮಾತಾಡುತ್ತಾರೆ, ಹೂಳೆತ್ತುವ ಬಗ್ಗೆ ಮಾತಾಡುತ್ತಾರೆ, ಇದು ಮಾತ್ರ ಬೇಡ. ಹಾಗಂತ ಈ ಪತ್ರ ಮೀನುಗಾರರ ಮೇಲಿನ ದೂರು ಅಂತ ತಿಳಿಯಬೇಡಿ. ದೂರು ಇರುವುದು ದಡದ ವ್ಯವಸ್ಥೆಯ ಮೇಲೆ.

ಆಳ ಸಮುದ್ರಕ್ಕೆ ಹೋಗಿ ಬಲೆ ಎಳೆಯುವ ಟ್ರಾಲ್ ಬೋಟು ವಾರ, ಹತ್ತು ದಿನ ಹೊರಗೇ ಇರುತ್ತದೆ. ಬೋಟು ನಡೆಸುವ ತಂಡೇಲ, ಕೆಲಸದ ಕಲಾಸಿಗಳು ಎಲ್ಲ ಸೇರಿ ಎಂಟು ಹತ್ತು ಜನ. ಕೆಲವು ಬೋಟಿನಲ್ಲಿ ಹಿಂಭಾಗದಲ್ಲಿ ಒಂದು ಗೂಡಿನಂಥ ಕಕ್ಕಸು ಇರುತ್ತದೆ, ಕೆಲವದರಲ್ಲಿ ಅದೂ ಇಲ್ಲ. ಹೇಗಿದ್ದರೂ ಎಲ್ಲ ನೇರ ನೀರಿಗೆ. ನಡು ಸಮುದ್ರದಲ್ಲಿ ಇದರಿಂದ ದೊಡ್ಡ ಕೇಡಿಲ್ಲ. ನೀರು ಆಳ, ಅಲೆ ಜೋರು, ಎಂಟು ಜನರದ್ದು ಎಲ್ಲೋ ಕರಗಿಹೋಗುತ್ತದೆ. ತೊಂದರೆ ಶುರುವಾಗುವುದು ಬೋಟು ವಾಪಸ್ ಬಂದ ಮೇಲೆ. ಮೀನು ಇಳಿಸಬೇಕು, ಐಸ್ ತುಂಬಬೇಕು, ಡೀಸೆಲ್ ಹಾಕಿಸಬೇಕು, ಬಲೆ ರಿಪೇರಿ ಮಾಡಬೇಕು. ಅಷ್ಟೂ ಹೊತ್ತು ಕೆಲಸದವರು ಬೋಟಿನಲ್ಲೇ ಉಣ್ಣುತ್ತಾರೆ, ಮಲಗುತ್ತಾರೆ. ಎಷ್ಟೋ ಜನ ಆಂಧ್ರ, ಒಡಿಶಾ, ತಮಿಳುನಾಡಿನಿಂದ ಬಂದವರು, ದಡದಲ್ಲಿ ಅವರಿಗೆ ಮನೆಯಿಲ್ಲ. ನೂರಾರು ಬೋಟು ಒಂದಕ್ಕೊಂದು ಅಂಟಿಕೊಂಡು ನಿಂತ ಕಡೆ ನೀರಿಗೆ ಓಡಾಟವೂ ಕಡಿಮೆ.

ಕಳೆದ ವರ್ಷ ಮದುವೆಯೊಂದಕ್ಕೆ ಕರಾವಳಿಗೆ ಹೋದವನು ಬೆಳಗ್ಗೆ ಬೇಗ ಎದ್ದು ಒಂದು ದಕ್ಕೆಗೆ ಹೋಗಿದ್ದೆ. ಹೆಸರು ಬೇಡ, ಬೇರೆ ಕಡೆಯೂ ಇದೇ ಕಥೆ ಇರಬಹುದು. ಹುಡುಗನೊಬ್ಬ ಎರಡು ಬೋಟುಗಳ ನಡುವಿನ ಸಂದಿಗೆ ಹಗ್ಗ ಕಟ್ಟಿದ ಬಕೆಟ್ ಇಳಿಸಿ ನೀರು ಸೇದುತ್ತಿದ್ದ. ನೀರಿನ ಮೇಲೆ ಡೀಸೆಲ್ಲಿನ ಬಣ್ಣ ಬಣ್ಣದ ಪೊರೆ, ತರಕಾರಿ ಸಿಪ್ಪೆ, ಇನ್ನೇನೇನೋ. ಆ ನೀರನ್ನು ನೀಲಿ ಕ್ರೇಟುಗಳ ಮೇಲೆ ಹುಯ್ದು, ಪೊರಕೆಯಲ್ಲಿ ಒಮ್ಮೆ ಉಜ್ಜಿ ಮಗುಚಿಟ್ಟ. ಐದು ನಿಮಿಷದಲ್ಲಿ ಅದೇ ಕ್ರೇಟಿಗೆ ಬಂಗುಡೆ ಬಿತ್ತು, ಮೇಲೆ ಐಸ್ ಬಿತ್ತು. ಗಾಡಿಯ ನಂಬರ್ ನೋಡಿದೆ. ಕೆಎ 12. ನಮ್ಮ ಕೊಡಗಿನದೇ.

ಪಕ್ಕದ ಬೋಟಿನ ತಂಡೇಲರನ್ನು ಮಾತಿಗೆಳೆದೆ. ಸಂಕೋಚವಿಲ್ಲದೆ ಹೇಳಿದರು: "ಕಕ್ಕಸು ಉಂಟು, ಅಲ್ಲಿ ಕಾಣ್ತದಲ್ಲ ಅದೇ. ರಾತ್ರಿ ಬೀಗ ಹಾಕ್ತಾರೆ. ಹಗಲು ನೀರಿಲ್ಲ. ಮತ್ತೆ ನಮ್ಮ ಹುಡುಗರು ಎಲ್ಲಿಗೆ ಹೋಗುವುದು ಮಾರಾಯ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಕರಾವಳಿ ನೀರಿಗೆ ನಮ್ಮ ದೇಶದಲ್ಲಿ ದರ್ಜೆಗಳಿವೆ. ಈಜುವ ಮತ್ತು ಮೀನು ಹಿಡಿಯುವ ನೀರಿನಲ್ಲಿ ಮಲದ ಕೋಲಿಫಾರಂ ಎಂಬ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 100 ದಾಟಬಾರದು. ಬಂದರಿನ ನೀರಿಗೆ 500ರವರೆಗೆ ರಿಯಾಯಿತಿ. ಅದು ಸರಿಯೇ, ಬಂದರು ಹಡಗು ನಿಲ್ಲುವ ಜಾಗ. ಆದರೆ ನಮ್ಮಲ್ಲಿ ಬಂದರಿನ ನೀರು ಬರೀ ಬೋಟು ತೇಲಿಸುವ ನೀರಲ್ಲ, ಮೀನಿನ ಬುಟ್ಟಿ ತೊಳೆಯುವ ನೀರೂ ಹೌದು. ಆ ದರ್ಜೆ ಮಾಡಿದವರು ಈ ಬಕೆಟನ್ನು ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ.

ಮರುವಾಯಿ ಎಂಬ ಚಿಪ್ಪುಮೀನಿನ ವಿಷಯ ಇನ್ನೂ ನಾಜೂಕು. ಚಿಪ್ಪುಮೀನು ಕೂತಲ್ಲೇ ಕೂತು ನೀರು ಸೋಸಿಕೊಂಡು ಬದುಕುವ ಜೀವಿ. ನೀರಿನಲ್ಲಿರುವ ರೋಗಾಣುಗಳೂ ಅದರ ಒಳಗೆ ಸೇರಿಕೊಳ್ಳುತ್ತವೆ. ಟೈಫಾಯ್ಡ್, ಹೆಪಟೈಟಿಸ್ ಎ ಥರದ ಕಾಯಿಲೆ ಹೊಲಸು ನೀರಿನ ಚಿಪ್ಪುಮೀನಿನಿಂದ ಹರಡುವುದು ಹೊಸ ಸುದ್ದಿಯೇನಲ್ಲ. ಚೆನ್ನಾಗಿ ಬೇಯಿಸಿ ತಿಂದರೆ ಅಪಾಯ ಕಡಿಮೆ ಅನ್ನಿ. ಆದರೆ ಅಳಿವೆಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಅದನ್ನು ಹೆಕ್ಕುವವರ ಗತಿ?

ಹಡಗುಗಳಿಗೆ ಇದಕ್ಕೆಲ್ಲ ನಿಯಮವಿದೆ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ 4ನೇ ಅನುಬಂಧ 2003ರಲ್ಲಿ ಜಾರಿಗೆ ಬಂತು. ಒಪ್ಪಿತ ಶುದ್ಧೀಕರಣ ಯಂತ್ರ ಇಲ್ಲದ ಹಡಗು ಕಕ್ಕಸಿನ ನೀರನ್ನು ಟ್ಯಾಂಕಿನಲ್ಲೇ ಇಟ್ಟುಕೊಳ್ಳಬೇಕು. ಪುಡಿ ಮಾಡಿ ಸೋಂಕು ಕಳೆದಿದ್ದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ ಬಿಡಬಹುದು, ಹಾಗೇ ಬಿಡುವುದಾದರೆ 12 ಮೈಲಿ ಆಚೆ. ಆದರೆ ಇದು 400 ಟನ್ ಮತ್ತು ಮೇಲ್ಪಟ್ಟ, ಇಲ್ಲವೇ 15ಕ್ಕಿಂತ ಜಾಸ್ತಿ ಜನ ಹೋಗಬಹುದಾದ, ದೇಶ ದೇಶಕ್ಕೆ ಓಡಾಡುವ ಹಡಗಿನ ಕಾನೂನು. ಪಣಂಬೂರಿನ ದೊಡ್ಡ ಬಂದರಿಗೆ ಬರುವ ಹಡಗಿಗೆ ಇದೆ, ಅಲ್ಲಿಂದ ಸ್ವಲ್ಪ ದಕ್ಷಿಣದ ದಕ್ಕೆಯಲ್ಲಿ ನಿಂತ ಟ್ರಾಲ್ ಬೋಟಿಗೆ ಇಲ್ಲ.

ಹಾಗಾದರೆ ಬೋಟಿಗೂ ಅದೇ ಕಾನೂನು ತನ್ನಿ, ದಂಡ ಹಾಕಿ ಅನ್ನುವವರಿದ್ದಾರೆ. ಇಲ್ಲಿ ನಮ್ಮ ಕಾಫಿ ತೋಟದ ಅನುಭವ ಹೇಳಬೇಕು.

ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ದು ಪಲ್ಪರಿಗೆ, ಅಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹಾಕುತ್ತಾರೆ. ಅದರಿಂದ ಬರುವ ನೀರು ಹುಳಿ, ಗಬ್ಬು ನಾತ. ಹಿಂದೆ ಅದನ್ನು ಸೀದಾ ತೋಡಿಗೆ ಬಿಡುತ್ತಿದ್ದರು. ತೋಡಿನ ಮೀನು ಸಾಯುತ್ತಿತ್ತು, ಕೆಳಗಿನ ಊರಿನವರು ದನಕ್ಕೆ ನೀರು ಕುಡಿಸುವ ಹಾಗಿರಲಿಲ್ಲ. ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿ ಬಿಗಿ ಮಾಡಿತು. ದೊಡ್ಡ ಎಸ್ಟೇಟಿನವರು ಹೊಂಡ ತೋಡಿಸಿದರು, ಸುಣ್ಣ ಹಾಕಿ ಹುಳಿ ಮುರಿದರು, ಕಡಿಮೆ ನೀರು ಬೇಡುವ ಪಲ್ಪರ್ ತಂದರು. ಕಾಫಿ ಬೋರ್ಡಿನಿಂದ ಸಹಾಯಧನವೂ ಬಂತು. ನಮ್ಮಂಥ ಎರಡು ಮೂರು ಎಕರೆಯವರಿಗೆ ಮಾತ್ರ ಹೊಂಡಕ್ಕೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡಿ ಮಾರಿದೆವು. ನಮಗೆ ಇನ್ನೊಂದು ದಾರಿ ಇತ್ತು. ಬೋಟಿನ ಕಲಾಸಿಗೆ ಯಾವ ದಾರಿ ಇದೆ ಸ್ವಾಮಿ? ಬೆಳಗ್ಗೆ ಹೋಗಲೇಬೇಕಲ್ಲ!

ಆದ್ದರಿಂದ ಮೊದಲ ಬೇಡಿಕೆ ತೀರಾ ಸಣ್ಣದು. ಬೋಟು ಕಟ್ಟುವ ಜಾಗದಿಂದ ನಡೆದು ಹೋಗುವಷ್ಟು ಹತ್ತಿರ, ರಾತ್ರಿ ಹಗಲು ತೆರೆದಿರುವ, ನೀರು ಮತ್ತು ಲೈಟು ಇರುವ, ದುಡ್ಡು ಕೇಳದ ಕಕ್ಕಸು ಮತ್ತು ಸ್ನಾನದ ಮನೆ. ಮೀನು ಮಾರುವ, ವಿಂಗಡಿಸುವ ಹೆಂಗಸರಿಗೆ ಬೇರೆ. ಉದ್ಘಾಟನೆಯ ಕಲ್ಲಿಗಿಂತ ಅದನ್ನು ದಿನಾ ತೊಳೆಯುವವರ ಸಂಬಳಕ್ಕೆ ಜಾಸ್ತಿ ದುಡ್ಡು ಇಡಿ. ಇಷ್ಟು ಮಾಡಿದರೇ ಬಂದರಿನ ನೀರಿಗೆ ಬೀಳುವುದರಲ್ಲಿ ದೊಡ್ಡ ಪಾಲು ನಿಲ್ಲುತ್ತದೆ ಎಂಬುದು ನನ್ನ ಅಂದಾಜು. ಜೊತೆಗೆ ಕ್ರೇಟ್ ತೊಳೆಯಲು ಶುದ್ಧ ನೀರಿನ ನಲ್ಲಿ. ಬಕೆಟ್ ಇಳಿಸುವವನಿಗೆ ನಲ್ಲಿ ಹತ್ತಿರ ಇದ್ದರೆ ಅವನೂ ಬಕೆಟ್ ಇಳಿಸುವುದಿಲ್ಲ.

ಎರಡನೆಯದು, ಬೋಟಿನಲ್ಲಿ ಕಕ್ಕಸಿನ ನೀರು ಹಿಡಿದಿಡುವ ಟ್ಯಾಂಕು. ಬಂದರಿನಲ್ಲಿ ನಿಂತ ಎಂಟು ಜನ ದಿನಕ್ಕೆ ಎರಡು ಸಲ, ಸಲಕ್ಕೆ ಮೂರು ಲೀಟರ್ ನೀರು ಅಂತ ಹಿಡಿದರೂ 50 ಲೀಟರ್ ಆಸುಪಾಸು. ಮೂರು ದಿನಕ್ಕೆ 150. ಮನೆಯ ಮೇಲೆ ಇಡುವ ಟ್ಯಾಂಕಿಗಿಂತ ಚಿಕ್ಕದು ಸಾಕು. ಪೈಪಿಗೆ ಎರಡು ದಾರಿಯ ವಾಲ್ವ್ ಇಟ್ಟರೆ ಬಂದರಿನ ಒಳಗೆ ಟ್ಯಾಂಕಿಗೆ, ದೂರ ಸಮುದ್ರದಲ್ಲಿ ಹೊರಗೆ. ಇದೇನು ರಾಕೆಟ್ ವಿದ್ಯೆಯಲ್ಲ, ಹೊರದೇಶದ ಸಣ್ಣ ದೋಣಿಗಳಲ್ಲೂ ಇದೇ ಇರುವುದು.

ಆದರೆ ಟ್ಯಾಂಕು ತುಂಬಿದ ಮೇಲೆ? ಹೀರುವ ಪಂಪು ದಡದಲ್ಲಿ ಇಲ್ಲದಿದ್ದರೆ ಕತ್ತಲಾದ ಮೇಲೆ ವಾಲ್ವ್ ತಿರುಗಿಸುತ್ತಾರೆ, ಅಷ್ಟೇ. ಅಮೆರಿಕದಲ್ಲಿ 1992ರಲ್ಲಿ ಒಂದು ಕಾಯ್ದೆ ಮಾಡಿ, ಇಂಥ ಪಂಪು ಕೂರಿಸುವ ಖರ್ಚಿನಲ್ಲಿ ಶೇಕಡಾ 75ರವರೆಗೆ ಸರ್ಕಾರವೇ ಕೊಡುವ ಏರ್ಪಾಡು ಮಾಡಿದರು. ಸ್ವೀಡನ್ನಿನಲ್ಲಿ 2015ರಿಂದ ವಿಹಾರದ ದೋಣಿಗಳು ಕಕ್ಕಸಿನದನ್ನು ನೀರಿಗೆ ಬಿಡುವುದನ್ನೇ ನಿಷೇಧಿಸಿದ್ದಾರೆ. ಅಷ್ಟು ದೂರ ಯಾಕೆ, ನಮ್ಮವರು ಟೂರ್ ಹೋಗುವ ಆಲಪ್ಪುಳದಲ್ಲೇ ಹೌಸ್‌ಬೋಟಿನ ಕೊಳಚೆಗೆ ಅಂತ ಶುದ್ಧೀಕರಣ ಘಟಕ ಕಟ್ಟಿದರು. ಅದು ಸರಿಯಾಗಿ ನಡೆಯುತ್ತಿಲ್ಲ ಎಂಬ ದೂರು ಅಲ್ಲಿನವರದು. ಕಟ್ಟುವುದು ಸುಲಭ, ನಡೆಸುವುದೇ ಕಷ್ಟ. ಅಲ್ಲಿ ಎಲ್ಲಿ ಕೈಕೊಟ್ಟಿತು ಎಂದು ನಿಮ್ಮ ಎಂಜಿನಿಯರುಗಳು ಒಮ್ಮೆ ಹೋಗಿ ನೋಡಿ ಬರಲಿ.

ಪಂಪು ಇಡಲು ಸರಿಯಾದ ಜಾಗ ಡೀಸೆಲ್ ಬಂಕಿನ ಪಕ್ಕ. ಯಾವ ಬೋಟೂ ಡೀಸೆಲ್ ಇಲ್ಲದೆ ಹೋಗುವುದಿಲ್ಲ, ಅಲ್ಲಿ ಹೇಗೂ ನಿಂತೇ ನಿಲ್ಲುತ್ತದೆ. ಪೇಟೆಯಲ್ಲಿ ಪಿಟ್ ಖಾಲಿ ಮಾಡುವ ಸಕ್ಕಿಂಗ್ ಗಾಡಿಯೇ ಸದ್ಯಕ್ಕೆ ಸಾಕು. ಎಂಜಿನ್ ಕೋಣೆಯ ಎಣ್ಣೆ ನೀರನ್ನು ಮಾತ್ರ ಇದಕ್ಕೆ ಬೆರೆಸಬಾರದು, ಅದಕ್ಕೆ ಬೇರೆ ಡ್ರಮ್ ಬೇಕು. ಎಣ್ಣೆ ಹೋದರೆ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾ ಸಾಯುತ್ತವೆ. ಉಪ್ಪುನೀರೂ ಒಮ್ಮೆಗೇ ಜಾಸ್ತಿ ಹೋದರೆ ಕಷ್ಟ, ಊರಿನ ಕೊಳಚೆಗೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು.

ಇನ್ನೊಂದು ಎಚ್ಚರಿಕೆ, ದಯವಿಟ್ಟು ಇದನ್ನು ಬಿಡಬೇಡಿ. ಸಮುದ್ರದ ನೀರು ಬೆರೆತ ಮಲ ಮುಚ್ಚಿದ ಟ್ಯಾಂಕಿನಲ್ಲಿ ಕೂತರೆ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಗಾಳಿ ಹೋಗುವ ಪೈಪು ಬೇಕೇ ಬೇಕು. ದಡದ ದೊಡ್ಡ ಟ್ಯಾಂಕು ಕಟ್ಟಿಕೊಂಡಾಗ ಯಾರನ್ನೋ ಹಗ್ಗ ಕಟ್ಟಿ ಒಳಗಿಳಿಸುವ ಕೆಲಸ ಆಗಲೇಬಾರದು. ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ, ರಕ್ಷಣೆಯ ಸಲಕರಣೆ ಇಲ್ಲದೆ ಹಾಗೆ ಇಳಿಸುವುದನ್ನು ನಿಷೇಧಿಸಿದೆ, ಆದರೂ ಪೇಟೆಗಳಲ್ಲಿ ಜನ ಸಾಯುವುದು ನಿಂತಿಲ್ಲ. ಬಂದರಿನಲ್ಲೂ ಅದು ಶುರುವಾಗುವುದು ಬೇಡ.

ಬೋಟಿನವರು ನನಗೆ ಒಂದು ಮಾತು ಕೇಳಿಯೇ ಕೇಳುತ್ತಾರೆ: "ನಗರದ ಚರಂಡಿ ನೀರು ಹೊಳೆಗೆ ಬರುವಾಗ ನಮ್ಮ ಎಂಟು ಜನರದ್ದು ಮಾತ್ರ ಕಾಣುವುದಾ?" ನ್ಯಾಯದ ಮಾತು. ಊರಿನ ಕೊಳಚೆಯ ಮುಂದೆ ಬೋಟಿನದು ಚಿಕ್ಕ ಪಾಲು. ನಾವೂ ಸಾಚಾಗಳಲ್ಲ, ಕುಶಾಲನಗರದ ಒಳಚರಂಡಿ ಕೆಲಸ ಎಷ್ಟು ವರ್ಷ ಎಳೆಯಿತು ಎಂದು ಕಾವೇರಿಯನ್ನೇ ಕೇಳಬೇಕು. ಆದರೂ ಬೋಟಿನದು ಬೀಳುವುದು ಮೀನು ಇಳಿಸುವ ಜಾಗದಲ್ಲೇ, ಒಂಚೂರೂ ಶುದ್ಧವಾಗದೆ. ಎರಡಕ್ಕೂ ಮದ್ದು ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಬಿಡುವುದು ಬೇಡ.

ದುಡ್ಡಿಗೆ ದಾರಿ ನಿಮಗೇ ಗೊತ್ತು. 2020ರಲ್ಲಿ ಬಂದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಂದರು ಸುಧಾರಣೆಗೆ ಅವಕಾಶ ಇಟ್ಟಿದ್ದಾರೆ. ಸಮಯವೂ ಇದೆ: ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ 61 ದಿನ ಎಲ್ಲ ದಡದಲ್ಲೇ ಇರುತ್ತವೆ, ಮರಗೆಲಸ, ಬಣ್ಣ, ಎಂಜಿನ್ ಕೆಲಸ ನಡೆಯುವುದೂ ಆಗಲೇ. ಟ್ಯಾಂಕು ಕೂರಿಸಲು ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ಹೊಸ ಬೋಟಿಗೆ ಕಟ್ಟುವಾಗಲೇ ಕಡ್ಡಾಯ ಮಾಡಿ. ಹಳೆಯದಕ್ಕೆ ಸಹಾಯಧನ ಕೊಟ್ಟು, ಮೂರು ನಾಲ್ಕು ವರ್ಷದ ಗಡುವು ಕೊಡಿ. ಪಂಪು ಓಡಲು ಶುರುವಾಗಿ ಒಂದು ವರ್ಷ ಆಗುವವರೆಗೆ ಲೈಸೆನ್ಸ್ ನವೀಕರಣಕ್ಕೆ ಇದನ್ನು ತಗುಲಿ ಹಾಕಬೇಡಿ.

ಕಷ್ಟ ಇರುವುದು ಇದು ಯಾರ ಕೆಲಸ ಎಂಬುದರಲ್ಲಿ. ಮೀನುಗಾರಿಕೆ ಇಲಾಖೆ, ಬಂದರು ನೋಡಿಕೊಳ್ಳುವ ಮಾರಿಟೈಮ್ ಬೋರ್ಡ್, ಮಾಲಿನ್ಯ ನಿಯಂತ್ರಣ ಮಂಡಳಿ, ನಗರಸಭೆಯೋ ಪಾಲಿಕೆಯೋ, ಎಲ್ಲರಿಗೂ ಒಂದೊಂದು ತುಂಡು. ಕಕ್ಕಸಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದನ್ನು ಒಂದು ಆದೇಶದಲ್ಲಿ ಬರೆದುಬಿಡಿ. ಮೀನುಗಾರಿಕೆಯೂ ಬಂದರೂ ಎರಡೂ ನಿಮ್ಮ ಕೈಯಲ್ಲೇ ಇರುವಾಗ ಇದನ್ನು ನೀವು ಮಾಡದಿದ್ದರೆ ಇನ್ಯಾರು ಮಾಡುತ್ತಾರೆ?

ಕಾರವಾರದಿಂದ ಮಂಗಳೂರುವರೆಗೆ ಎಲ್ಲ ಬಂದರಿಗೂ ಒಟ್ಟಿಗೇ ಮಾಡಿ ಅಂತ ಕೇಳುತ್ತಿಲ್ಲ. ಮಂಗಳೂರೋ ಮಲ್ಪೆಯೋ ಗಂಗೊಳ್ಳಿಯೋ, ಒಂದನ್ನು ಆರಿಸಿಕೊಳ್ಳಿ. ಮುಂದಿನ ಜೂನ್ 1ರ ಒಳಗೆ ಅಲ್ಲಿ ಕಕ್ಕಸು, ನಲ್ಲಿ, ಸಕ್ಕಿಂಗ್ ಪಂಪು ಮೂರೂ ಓಡುವಂತೆ ಮಾಡಿ. ಮೊದಲೂ ಆಮೇಲೂ ನೀರು ಪರೀಕ್ಷೆ ಮಾಡಿಸಿ, ತಿಂಗಳ ಲೆಕ್ಕವನ್ನು ಹರಾಜು ಕಟ್ಟೆಯ ಮೇಲೆ ಕನ್ನಡದಲ್ಲಿ ಬೋರ್ಡ್ ಹಾಕಿಸಿ. ಯಾವ ಬಂದರು, ಯಾವ ಅಧಿಕಾರಿಗೆ ಜವಾಬ್ದಾರಿ, ಎಷ್ಟು ದುಡ್ಡು ಎಂಬ ಮೂರು ವಿಷಯ ನಿಮ್ಮ ಕಚೇರಿಯಿಂದ ಪತ್ರಿಕೆಗೆ ಬಂದರೆ ಸಾಕು, ನನಗೆ ಬೇರೆ ಉತ್ತರ ಬೇಡ.

ಇತಿ ನಿಮ್ಮ ವಿಶ್ವಾಸಿ,
ಸಣ್ಣ ಕಾಫಿ ಬೆಳೆಗಾರ, ಮೀನು ಪ್ರಿಯ
ಸೋಮವಾರಪೇಟೆ ತಾಲ್ಲೂಕು, ಕೊಡಗು