ಕಳ್ಳ ಶಸ್ತ್ರ ವ್ಯಾಪಾರದ ಅಧ್ಯಯನ ನಮ್ಮ ವಿಶ್ವವಿದ್ಯಾಲಯದಲ್ಲೂ ಆಗಲಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಾನು ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್ ನಡೆಸುತ್ತೇನೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ ಮೇಲೆ ಗಿರಾಕಿ ಹೇಳಿದ ಭಾಗ ಮಾಡಿಕೊಡುವ ಜಾಬ್ ವರ್ಕ್ ನಮ್ಮ ಕಸುಬು. ಪೀಣ್ಯದವರು ಪತ್ರ ಬರೆದರೆ ಅದು ಸಬ್ಸಿಡಿಗೋ, ಕರೆಂಟಿಗೋ, ರಸ್ತೆ ಗುಂಡಿಗೋ ಇರುತ್ತದೆ. ಅವೆಲ್ಲ ಕೈಗಾರಿಕಾ ಸಚಿವರ ಪಾಲಿನವು. ನಿಮ್ಮನ್ನು ಕೇಳುವುದು ಬೇರೆ ಇದೆ. ಕಳ್ಳ ಶಸ್ತ್ರ ವ್ಯಾಪಾರ ಹೇಗೆ ನಡೆಯುತ್ತದೆ, ಅಣುಬಾಂಬಿನ ಸಾಮಾನು ದೇಶದಿಂದ ದೇಶಕ್ಕೆ ಹೇಗೆ ದಾಟುತ್ತದೆ ಎಂದು ಅಧ್ಯಯನ ಮಾಡುವ ಒಂದು ಕೇಂದ್ರ ನಮ್ಮ ರಾಜ್ಯದ ಯಾವುದಾದರೂ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಶುರುವಾಗಬೇಕು.

ಲೇತ್ ಓಡಿಸುವವನಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಮಲೇಷ್ಯಾದಲ್ಲಿದೆ.

2003ರ ಅಕ್ಟೋಬರ್‌ನಲ್ಲಿ ‘ಬಿಬಿಸಿ ಚೈನಾ’ ಎಂಬ ಜರ್ಮನ್ ಹಡಗು ದುಬೈ ಕಡೆಯಿಂದ ಲಿಬಿಯಾಕ್ಕೆ ಹೊರಟಿತ್ತು. ಅದನ್ನು ಇಟಲಿಯ ಟಾರಾಂಟೊ ಬಂದರಿಗೆ ತಿರುಗಿಸಿ ಹುಡುಕಿದರು. ಐದು ಕಂಟೇನರ್‌ಗಳಲ್ಲಿ ಸೆಂಟ್ರಿಫ್ಯೂಜ್ ಬಿಡಿಭಾಗಗಳು ಸಿಕ್ಕವು. ಯುರೇನಿಯಂ ಸಂವರ್ಧನೆಗೆ, ಅಂದರೆ ಅದನ್ನು ಬಾಂಬಿಗೂ ಆಗುವ ಮಟ್ಟಕ್ಕೆ ತರಲು ಬಳಸುವ ಯಂತ್ರ ಅದು. ಪಾಕಿಸ್ತಾನದ ಅಣು ವಿಜ್ಞಾನಿ ಎ.ಕ್ಯೂ. ಖಾನ್ ಕಟ್ಟಿದ ಜಾಲ ಈ ಸಾಮಾನನ್ನು ಗಡಾಫಿ ಸರ್ಕಾರಕ್ಕೆ ಮಾರಿತ್ತು. ಭಾಗಗಳು ತಯಾರಾಗಿದ್ದು ಕ್ವಾಲಾಲಂಪುರದ ಪಕ್ಕದ ಷಾ ಆಲಂ ಎಂಬ ಊರಿನಲ್ಲಿ. ಸ್ಕೋಮಿ ಪ್ರಿಸಿಶನ್ ಎಂಜಿನಿಯರಿಂಗ್ ಎಂಬ ಕಾರ್ಖಾನೆಯಲ್ಲಿ. ಆರ್ಡರ್ ಕೊಟ್ಟಿದ್ದು ದುಬೈಯ ಒಂದು ಕಂಪನಿ. ತೈಲ ಮತ್ತು ಅನಿಲ ಉದ್ಯಮಕ್ಕೆ ಅಂತ ನಂಬಿ ಮಾಡಿಕೊಟ್ಟೆವು ಎಂದು ಸ್ಕೋಮಿಯವರು ಹೇಳಿದರು. ಮರದ ಪೆಟ್ಟಿಗೆಗಳ ಮೇಲೆ ಕಾರ್ಖಾನೆಯ ಗುರುತು ಹಾಗೇ ಇತ್ತು. ಗೊತ್ತಿದ್ದೂ ಕಳ್ಳಮಾಲು ಕಳಿಸುವವರು ಅದರ ಮೇಲೆ ತಮ್ಮದೇ ಗುರುತು ಹಾಕುತ್ತಾರಾ? ಕೆಳಗೆ ಮಷಿನ್ ಮೇಲೆ ನಿಂತಿದ್ದ ಹುಡುಗರಿಗಂತೂ ಏನೂ ತಿಳಿದಿರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ.

ಆ ಕಾರ್ಖಾನೆಗೆ ಸಲಹೆಗಾರನಾಗಿ ಬಂದಿದ್ದವನು ಉರ್ಸ್ ಟಿನ್ನರ್ ಎಂಬ ಸ್ವಿಸ್ ಎಂಜಿನಿಯರ್. ಮಲೇಷ್ಯಾ ಪೊಲೀಸರು 2004ರಲ್ಲಿ ಹೊರಡಿಸಿದ ವರದಿಯಲ್ಲಿ ಒಂದು ಸಣ್ಣ ವಿವರ ಇದೆ. ಕೆಲಸ ಮುಗಿದ ಮೇಲೆ ಅವನು ತನ್ನ ಡ್ರಾಯಿಂಗ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡು ಹೋದ. ವ್ಯಾಪಾರದ ಗುಟ್ಟು ಕಾಪಾಡಬೇಕು ಎಂಬುದು ಅವನು ಕೊಟ್ಟ ಕಾರಣ. ಇದನ್ನು ಓದಿದಾಗ ನನಗೆ ಚಳಿ ಹತ್ತಿತು. ಯಾಕೆಂದರೆ ನಮ್ಮಲ್ಲಿ ಇದು ದಿನನಿತ್ಯದ ಮಾತು. ಗಿರಾಕಿ ಡ್ರಾಯಿಂಗ್ ಕೊಡುತ್ತಾನೆ, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತ) ಹೇಳುತ್ತಾನೆ, ಮೆಟೀರಿಯಲ್ ಕೆಲವೊಮ್ಮೆ ಅವನೇ ತಂದುಕೊಡುತ್ತಾನೆ. ಭಾಗದ ಹೆಸರಿನ ಜಾಗದಲ್ಲಿ ಬರೀ ಒಂದು ನಂಬರ್ ಇರುತ್ತದೆ. ಡ್ರಾಯಿಂಗ್ ವಾಪಸ್ ಕೊಡಿ ಅಂದರೆ ಕೊಡುತ್ತೇವೆ. ಯಾರೂ ‘ಇದು ಏನು’ ಅಂತ ಕೇಳುವುದಿಲ್ಲ. ಕೇಳಿದರೆ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ, ಅಷ್ಟೇ.

ಖಾನ್ ಕಥೆಯಲ್ಲಿ ಕೇಳಿದವನೂ ಒಬ್ಬನಿದ್ದ. ಖಾನ್ 1972ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದರು. ಅದು ಯುರೋಪಿನ ಸೆಂಟ್ರಿಫ್ಯೂಜ್ ಯೋಜನೆಗೆ ಕೆಲಸ ಮಾಡಿಕೊಡುತ್ತಿದ್ದ ಸಂಸ್ಥೆ. ಅಲ್ಲಿ ಅವರ ಜೊತೆ ಇದ್ದ ತಂತ್ರಜ್ಞ ಫ್ರಿಟ್ಸ್ ವೇರ್ಮನ್ ‘ಈ ಮನುಷ್ಯನ ನಡವಳಿಕೆ ಸರಿ ಇಲ್ಲ’ ಅಂತ ಮೇಲಿನವರಿಗೆ ಹೇಳಿದ. ಖಾನ್ 1975ರ ಡಿಸೆಂಬರ್‌ನಲ್ಲಿ ಆರಾಮಾಗಿ ಪಾಕಿಸ್ತಾನಕ್ಕೆ ಹೊರಟುಹೋದರು. ಕೊನೆಗೆ ಕೆಲಸ ಕಳೆದುಕೊಂಡವನು ವೇರ್ಮನ್. 1983ರಲ್ಲಿ ಡಚ್ ಕೋರ್ಟು ಖಾನ್‌ಗೆ ನಾಲ್ಕು ವರ್ಷ ಶಿಕ್ಷೆ ಹಾಕಿತು. ಸಮನ್ಸ್ ಸರಿಯಾಗಿ ತಲುಪಿರಲಿಲ್ಲ ಎಂಬ ಕಾರಣಕ್ಕೆ ಅದೂ 1985ರಲ್ಲಿ ರದ್ದಾಯಿತು. 2004ರ ಫೆಬ್ರುವರಿ 4ರಂದು ಖಾನ್ ಟಿವಿಯಲ್ಲಿ ತಪ್ಪೊಪ್ಪಿಕೊಂಡರು. ಮರುದಿನವೇ ಅಧ್ಯಕ್ಷ ಮುಷರಫ್ ಕ್ಷಮೆ ಕೊಟ್ಟರು. ಲಿಬಿಯಾ ತನ್ನ ಯೋಜನೆ ಒಪ್ಪಿಸಿದಾಗ ಬಾಂಬಿನ ನಕ್ಷೆಗಳು ಸಿಕ್ಕಿದ್ದು ಇಸ್ಲಾಮಾಬಾದಿನ ಒಬ್ಬ ಟೈಲರ್ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ!

ಇಷ್ಟೆಲ್ಲ ನನ್ನಂಥವನಿಗೆ ಹೇಗೆ ಗೊತ್ತಾಯಿತು? ಗೂಢಚಾರರು ನಮಗೆ ಬಂದು ಹೇಳುವುದಿಲ್ಲ. ಕೋರ್ಟಿನ ದಾಖಲೆ, ಕಸ್ಟಮ್ಸ್ ಕಾಗದ, ಟೆಂಡರ್ ಜಾಹೀರಾತು, ಉಪಗ್ರಹ ಚಿತ್ರ ಇವನ್ನೆಲ್ಲ ವರ್ಷಗಟ್ಟಲೆ ಕೂತು ಜೋಡಿಸಿದವರು ಸಂಶೋಧಕರು. ಅಮೆರಿಕದ ಮಾಂಟೆರೆಯಲ್ಲಿ 1989ರಿಂದ ಇದಕ್ಕೇ ಮೀಸಲಾದ ಕೇಂದ್ರ ಇದೆ. ಅಲ್ಲಿ ವಿದ್ಯಾರ್ಥಿಗಳು ಇದರಲ್ಲೇ ಸ್ನಾತಕೋತ್ತರ ಪದವಿ ಪಡೆದಿದ್ದಾರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ‘ಪ್ರಾಜೆಕ್ಟ್ ಆಲ್ಫಾ’ ಎಂಬ ತಂಡ ಸಾಧಾರಣ ವ್ಯಾಪಾರದೊಳಗೆ ಕಳ್ಳ ವ್ಯಾಪಾರ ಹೇಗೆ ಅಡಗುತ್ತದೆ ಎಂದು ಹುಡುಕಿತು. ಜಿನೀವಾದ ‘ಸ್ಮಾಲ್ ಆರ್ಮ್ಸ್ ಸರ್ವೇ’ 1999ರಿಂದ ಬಂದೂಕು, ಗುಂಡುಗಳ ಲೆಕ್ಕ ಇಡುತ್ತಿದೆ.

ಇನ್ನೊಂದು ವರದಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದರಲ್ಲಿ ನಾವಿದ್ದೇವೆ. ಬ್ರಿಟನ್ನಿನ ‘ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್’ ವಿಶ್ವವಿದ್ಯಾಲಯ ಅಲ್ಲ, ಸ್ವತಂತ್ರ ಸಂಸ್ಥೆ. ಅದರ ಜನ ಇರಾಕ್ ಮತ್ತು ಸಿರಿಯಾದ ಯುದ್ಧಭೂಮಿಗೇ ಹೋಗಿ, ಐಎಸ್ ಉಗ್ರರು ಬಾಂಬಿಗೆ ಬಳಸಿದ್ದ 700ಕ್ಕೂ ಹೆಚ್ಚು ಬಿಡಿಭಾಗಗಳ ಮೇಲಿನ ಗುರುತು, ನಂಬರ್ ಬರೆದುಕೊಂಡರು. 2016ರ ಫೆಬ್ರುವರಿಯಲ್ಲಿ ವರದಿ ಬಂತು. 20 ದೇಶಗಳ 51 ಕಂಪನಿಗಳ ಹೆಸರು ಅದರಲ್ಲಿತ್ತು. 7 ಭಾರತದವು. ಡಿಟೋನೇಟರ್, ಸೇಫ್ಟಿ ಫ್ಯೂಸ್, ಡಿಟೋನೇಟಿಂಗ್ ಕಾರ್ಡ್ ನಮ್ಮ ದೇಶದ್ದು. ನಮ್ಮ ಕಲ್ಲು ಕ್ವಾರಿಗಳಲ್ಲಿ ಬಂಡೆ ಸಿಡಿಸಲು ಬಳಸುವಂಥದ್ದೇ. ಗಮನಿಸಿ, ಅವೆಲ್ಲ ಲೈಸೆನ್ಸ್ ಪಡೆದು ಟರ್ಕಿ, ಲೆಬನಾನ್‌ಗೆ ಕಾನೂನು ಪ್ರಕಾರವೇ ಹೋಗಿದ್ದವು. ಅಲ್ಲಿಂದ ಮುಂದೆ ದಾರಿ ತಪ್ಪಿದವು. ಕಾಗದ ಎಲ್ಲ ಸರಿಯಾಗಿದ್ದೂ ಹೀಗಾಗುತ್ತದೆ. ಸ್ಫೋಟಕದ ಜಾಡು ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ರಾಜ್ಯಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಜನವರಿಯ ಹುಣಸೋಡು ಕಲ್ಲು ಕ್ವಾರಿ ಸ್ಫೋಟದ ರಾತ್ರಿ ಶಿವಮೊಗ್ಗದವರು ಭೂಕಂಪ ಅಂದುಕೊಂಡು ಮನೆಯಿಂದ ಓಡಿ ಬಂದಿದ್ದರು.

ಮೈಸೂರಿನ ಹತ್ತಿರದ ರತ್ನಹಳ್ಳಿ ವಿಷಯಕ್ಕೂ ಬರೋಣ. ಅಣುಶಕ್ತಿ ಇಲಾಖೆಯ ಘಟಕ ಅಲ್ಲಿದೆ. 2006ರಲ್ಲಿ ವಾಷಿಂಗ್ಟನ್ನಿನ ಒಂದು ಸಂಶೋಧನಾ ಸಂಸ್ಥೆ ಅದರ ಖರೀದಿಗಳ ಬಗ್ಗೆ ಬರೆಯಿತು. ಅದಕ್ಕೆ ಆಧಾರ ನಮ್ಮವರೇ ಕರೆದ ಟೆಂಡರ್‌ಗಳು. ಸೂಕ್ಷ್ಮ ಮಾಹಿತಿ ಹೀಗೆ ಬಹಿರಂಗವಾಗಬಹುದು ಎಂಬುದು ಅವರ ಆಕ್ಷೇಪ. ಅವರು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಮೈಸೂರಿನ ಟೆಂಡರನ್ನು ಅಷ್ಟು ದೂರದಲ್ಲಿ ಕೂತವರು ಗೆರೆ ಎಳೆದು ಓದುತ್ತಾರೆ. ಮೈಸೂರಿನಲ್ಲೇ ಒಂದು ಹಳೆಯ, ದೊಡ್ಡ ವಿಶ್ವವಿದ್ಯಾಲಯ ಇದೆ. ಅಲ್ಲಿಂದ ಇದಕ್ಕೆ ಉತ್ತರವಾಗಿಯಾದರೂ ಒಂದು ಪ್ರಬಂಧ ಬಂದದ್ದನ್ನು ನಾನು ಕಂಡಿಲ್ಲ.

ನಮ್ಮ ಬಂದರುಗಳಲ್ಲೂ ಸರಕು ಸಿಕ್ಕಿದೆ. 1999ರಲ್ಲಿ, ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗಲೇ, ಕಾಂಡ್ಲಾದಲ್ಲಿ ಉತ್ತರ ಕೊರಿಯಾದ ‘ಕು ವೋಲ್ ಸಾನ್’ ಹಡಗನ್ನು ಹಿಡಿದರು. ಕಾಗದದಲ್ಲಿ ನೀರು ಶುದ್ಧೀಕರಣದ ಯಂತ್ರ ಅಂತಿತ್ತು. ಪೆಟ್ಟಿಗೆಯಲ್ಲಿ ಇದ್ದದ್ದು ಕ್ಷಿಪಣಿ ಮಾಡುವ ಸಾಮಾನು. 2024ರ ಜನವರಿಯಲ್ಲಿ ಮುಂಬೈ ಬಳಿಯ ನವಾ ಶೇವಾದಲ್ಲಿ ಕರಾಚಿಗೆ ಹೊರಟಿದ್ದ ಒಂದು ಸಿಎನ್‌ಸಿ ಮಷಿನ್ ತಡೆದರು. ಇಟಲಿಯಲ್ಲಿ ತಯಾರಾದದ್ದು, ಚೀನಾದಿಂದ ಹಡಗು ಹತ್ತಿದ್ದು. ಕ್ಷಿಪಣಿ ಕೆಲಸಕ್ಕೆ ಬಳಕೆಯಾಗಬಹುದು ಅಂತ ನಮ್ಮವರು ಅಂದರು. ಇಲ್ಲ, ಅದು ವಾಹನದ ಬಿಡಿಭಾಗ ಮಾಡುವ ಸಾಧಾರಣ ಲೇತ್ ಅಂತ ಪಾಕಿಸ್ತಾನ ಅಂದಿತು. ಯಾವ ಮಷಿನ್ ಏನು ಮಾಡಬಲ್ಲದು ಅಂತ ನೋಡಿ ಹೇಳುವ ಜನ ಬೇಕಾಗುವುದು ಇಂಥ ಜಾಗದಲ್ಲೇ. ಮಷಿನ್ ಟೂಲ್ ಗೊತ್ತಿರುವವರು ಬೆಂಗಳೂರಿನಷ್ಟು ಇನ್ನೆಲ್ಲಿ ಸಿಗುತ್ತಾರೆ? 1953ರಲ್ಲಿ ಎಚ್‌ಎಂಟಿ ಶುರುವಾದದ್ದೇ ಇಲ್ಲಿ. ಮಷಿನ್ ಬಲ್ಲವರಿಗೆ ರಾಜಕೀಯ ಗೊತ್ತಿಲ್ಲ, ರಾಜಕೀಯ ಶಾಸ್ತ್ರದವರಿಗೆ ಮಷಿನ್ ಗೊತ್ತಿಲ್ಲ, ತೊಂದರೆ ಇರುವುದು ಅಲ್ಲಿ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು ವಿಶ್ವವಿದ್ಯಾಲಯದ ಕೈಯಲ್ಲಿ ಮಾತ್ರ ಆಗುತ್ತದೆ.

ಕಾನೂನು ನಮ್ಮಲ್ಲಿ ಇದೆ. 2004ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯ ಮಾಡಿದ ಮೇಲೆ, 2005ರಲ್ಲಿ ಸಾಮೂಹಿಕ ನಾಶದ ಅಸ್ತ್ರಗಳ ಕಾಯ್ದೆ ಬಂತು. 2022ರಲ್ಲಿ ಹಣ ಒದಗಿಸುವುದನ್ನೂ ಅದರೊಳಗೆ ತಂದರು. ಬಾಂಬಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ, ಪಟ್ಟಿಯಲ್ಲಿ ಇಲ್ಲದ ವಸ್ತುವನ್ನೂ ಹೊರಗೆ ಕಳಿಸುವಂತಿಲ್ಲ. ಅನುಮತಿ ಇಲ್ಲದೆ ರಫ್ತು ಮಾಡಬಾರದ ವಸ್ತುಗಳ ಆ ಪಟ್ಟಿಯ ಹೆಸರು ಸ್ಕೋಮೆಟ್. ನೂರಾರು ಪುಟ, ಎಲ್ಲ ಇಂಗ್ಲಿಷ್. ನಮ್ಮ ಶೆಡ್ಡುಗಳಲ್ಲಿ ಅದನ್ನು ಓದಿದವರನ್ನು ನಾನು ನೋಡಿಲ್ಲ. ಒಮ್ಮೆ ಕೊಲ್ಲಿ ದೇಶದ ಒಂದು ಟ್ರೇಡಿಂಗ್ ಕಂಪನಿಯಿಂದ ನಮಗೂ ಎನ್‌ಕ್ವೈರಿ ಬಂತು. ತೆಳುವಾದ ಟ್ಯೂಬು, ತುಂಬಾ ಬಿಗಿ ಟಾಲರೆನ್ಸ್, ಗಟ್ಟಿ ಅಲ್ಯುಮಿನಿಯಂ. ಸೆಂಟ್ರಿಫ್ಯೂಜಿಗೂ ಆಗುವಂಥದ್ದು ಅನ್ನಿಸಿತು. ಬಳಕೆ ಏನು ಅಂದರೆ ‘ಜನರಲ್ ಎಂಜಿನಿಯರಿಂಗ್’ ಅಂತ ಉತ್ತರ. ರಫ್ತು ವ್ಯವಹಾರ ಬಲ್ಲ ಒಬ್ಬರನ್ನು ಕೇಳಿದೆ. ‘ಸುಮ್ನೆ ತಲೆ ಕೆಡಿಸ್ಕೋಬೇಡಿ, ಕೊಟೇಶನ್ ಹಾಕಿ’ ಅಂದರು. ನಾನು ಹಾಕಲಿಲ್ಲ. ಅದು ನಿಜಕ್ಕೂ ಯಾವುದೋ ಪಂಪಿನ ಭಾಗವೇ ಇದ್ದಿರಬಹುದು. ಹಾಗಿದ್ದರೆ ಒಳ್ಳೆಯ ಆರ್ಡರ್ ಸುಮ್ಮನೆ ಬಿಟ್ಟುಕೊಟ್ಟ ಹಾಗಾಯಿತು. ಗೊತ್ತಿಲ್ಲದೆ ಇರುವುದರಿಂದ ಎರಡೂ ಕಡೆ ನಷ್ಟ ನೋಡಿ.

ರಫ್ತು, ರಕ್ಷಣೆ ಎಲ್ಲ ಕೇಂದ್ರದ ವಿಷಯ, ನಾವೇನು ಮಾಡೋಣ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಶಿಕ್ಷಣ ನಿಮ್ಮದೂ ಹೌದು ಅಲ್ವಾ? ಗುಟ್ಟಿನ ವಿಷಯ ಅಂತಲೂ ಹೇಳಬಹುದು. ಗುಟ್ಟಿನ ಕಡತ ಯಾರೂ ಕೇಳುತ್ತಿಲ್ಲ. ಬಹಿರಂಗವಾಗಿರುವ ಕಾಗದವನ್ನು ಶ್ರದ್ಧೆಯಿಂದ ಓದುವ ಕೆಲಸ ಇದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯವರು ಉಪಗ್ರಹ ಚಿತ್ರ ಇಟ್ಟುಕೊಂಡು ನೆರೆ ದೇಶಗಳ ಕ್ಷಿಪಣಿಗಳ ಬಗ್ಗೆ ಒಳ್ಳೆಯ ಅಧ್ಯಯನ ಮಾಡಿದ್ದಾರೆ. ಆ ಸಂಸ್ಥೆಯ ಮೊದಲ ನಿರ್ದೇಶಕರು ನಮ್ಮ ತುಮಕೂರು ಸೀಮೆಯ ರಾಜಾ ರಾಮಣ್ಣ. 1974ರ ಪೋಖ್ರಾನ್ ಸ್ಫೋಟದ ಮುಂದಾಳು ಅವರೇ. ಅವರ ಹಾಗೆ ದಾರಿ ಹಾಕಿದವರು ಇದ್ದಾರೆ, ಸರ್ಕಾರಿ ವಿಶ್ವವಿದ್ಯಾಲಯದ ಬಡ ಮಕ್ಕಳಿಗೆ ಆ ದಾರಿ ತಲುಪಿಲ್ಲ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಪಾಕಿಸ್ತಾನವನ್ನು ಬೈಯುವುದಕ್ಕೆ ಮಾತ್ರ ಈ ಕೇಂದ್ರ ಕಟ್ಟುವುದಾದರೆ ಬೇಡ. ಆ ಕೆಲಸಕ್ಕೆ ಟಿವಿ ಚಾನೆಲ್‌ಗಳು ಸಾಕು. 1974ರಲ್ಲಿ ನಮ್ಮ ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಕೆನಡಾ ಕೊಟ್ಟ ಸೈರಸ್ ರಿಯಾಕ್ಟರ್‌ನಿಂದ ಬಂದದ್ದು. ಅಣು ಸಾಮಗ್ರಿ ಪೂರೈಕೆದಾರರ ಗುಂಪು ಹುಟ್ಟಿದ್ದೇ ನಮ್ಮನ್ನು ನೋಡಿ. ನಾವು ಇನ್ನೂ ಅದರ ಸದಸ್ಯರಲ್ಲ. 1998ರ ಪರೀಕ್ಷೆಗಳ ನಂತರ ನಿರ್ಬಂಧದ ಬಿಸಿ ಬೆಂಗಳೂರಿನ ಸಂಸ್ಥೆಗಳಿಗೂ ತಟ್ಟಿತು. ಇದನ್ನೂ ಬರೆಯುವ ಸ್ವಾತಂತ್ರ್ಯ ಸಂಶೋಧಕರಿಗೆ ಇರಬೇಕು. ಪ್ರಬಂಧ ಇಷ್ಟವಾಗಲಿಲ್ಲ ಅಂತ ಅನುದಾನ ನಿಲ್ಲಿಸುವ ಅಧಿಕಾರ ಯಾರಿಗೂ ಇರಬಾರದು. ಅಂಥ ನಿಯಮ ಮೊದಲೇ ಬರೆದಿಡಿ.

ಕಟ್ಟಡ ಬೇಕಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್, ಕಾನೂನು, ಅಂತರರಾಷ್ಟ್ರೀಯ ಸಂಬಂಧ ಈ ಮೂರರಿಂದ ತಲಾ ಒಬ್ಬರು ಅಧ್ಯಾಪಕರು, ಸರಿಯಾದ ಸಮಯಕ್ಕೆ ಬರುವ ಫೆಲೋಶಿಪ್ ಇರುವ ಕೆಲವು ಸಂಶೋಧನಾ ವಿದ್ಯಾರ್ಥಿಗಳು, ವ್ಯಾಪಾರದ ದತ್ತಾಂಶಕ್ಕೆ ಚಂದಾ. ಇಷ್ಟಿದ್ದರೆ ಶುರು ಮಾಡಬಹುದು. ಅವರು ಮಾಡಬೇಕಾದ ಮೊದಲ ಕೆಲಸ ನನ್ನ ಪ್ರಕಾರ ಸ್ಕೋಮೆಟ್ ಪಟ್ಟಿಗೆ ಕನ್ನಡದಲ್ಲಿ ಒಂದು ಕೈಪಿಡಿ. ಪೀಣ್ಯ, ಬೆಳಗಾವಿ, ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯವರು ಯಾವ ಗಿರಾಕಿಗೆ ಯಾವ ಪ್ರಶ್ನೆ ಕೇಳಬೇಕು ಅಂತ ಅದರಲ್ಲಿ ಚಿತ್ರ ಸಮೇತ ಇರಲಿ. ವಿದ್ಯಾರ್ಥಿಗಳು ಬಂದರೆ ನಮ್ಮ ಶಾಪ್ ತೋರಿಸುತ್ತೇನೆ. ಆರ್ಡರ್ ಹೇಗೆ ಬರುತ್ತದೆ, ಇನ್‌ವಾಯ್ಸ್ ಹೇಗೆ ಹೋಗುತ್ತದೆ, ಎಲ್ಲಿ ಯಾರೂ ನೋಡುವುದಿಲ್ಲ ಅಂತ ವಿವರವಾಗಿ ಹೇಳುತ್ತೇನೆ. ಅಕ್ಕಪಕ್ಕದ ಶೆಡ್ಡಿನವರನ್ನು ಒಪ್ಪಿಸುವುದೂ ನನಗೆ ಬಿಡಿ.

ಬರುವ ಬಜೆಟ್‌ಗೆ ಮೊದಲು ಯಾವ ವಿಶ್ವವಿದ್ಯಾಲಯಕ್ಕೆ ಇದನ್ನು ವಹಿಸುತ್ತೀರಿ ಎಂದು ತಿಳಿಸಿದರೆ ಸಾಕು. ಆಗದು ಅಂತಿದ್ದರೆ ಯಾಕೆ ಆಗದು ಅಂತ ಎರಡು ಸಾಲು ಬರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಮಷಿನ್ ಶಾಪ್ ಮಾಲೀಕ