ಸೆಲೆನೈಟ್ ಹೋಗಿ ಸೆಲೆನೇಟ್ ಬಂದಿದೆ: ಕೋಳಿ ಸಾಕುವ ನಮ್ಮ ಗ್ರಾಹಕರಿಗೆ

ಪ್ರಿಯ ಗ್ರಾಹಕರೇ,

ಈ ತಿಂಗಳಿನಿಂದ, ಕೋಳಿಗೆ ನೀರಿನಲ್ಲಿ ಕೊಡುವ ನಮ್ಮ ಇ-ಸೆಲೆನಿಯಂ (ವಿಟಮಿನ್ ಇ ಮತ್ತು ಸೆಲೆನಿಯಂ) ದ್ರಾವಣದಲ್ಲಿ ಸೋಡಿಯಂ ಸೆಲೆನೈಟ್ ಇರುವುದಿಲ್ಲ. ಅದರ ಜಾಗಕ್ಕೆ ಸೋಡಿಯಂ ಸೆಲೆನೇಟ್ ಬಂದಿದೆ. ಎರಡೂ ಸೆಲೆನಿಯಂ ಒದಗಿಸುವ ಉಪ್ಪುಗಳೇ (ಲವಣಗಳು), ಅಡುಗೆ ಉಪ್ಪಲ್ಲ. ದರವೂ ಏರಿದೆ. ನಿಮಗೆ ಬೇಜಾರಾಗಿದೆ, ಗೊತ್ತು. ಕ್ಷಮಿಸಿ. ಆದರೆ ಸುಮ್ನೆ ಏರಿಸಿದ್ದಲ್ಲ.

ನಿಮ್ಮಲ್ಲಿ ಹಲವರು ಕೆಂಪು ಗಷ್ಟಿನ ಫೋಟೊ ಕಳಿಸಿದ್ದಿರಿ. ಬೇಸಿಗೆಯಲ್ಲಿ ವಿಟಮಿನ್ ಸಿ ಪುಡಿಯನ್ನೂ ನಮ್ಮ ದ್ರಾವಣವನ್ನೂ ಒಂದೇ ಜಗ್ಗಿನಲ್ಲಿ ಕಲಸಿದರೆ ಹಾಗಾಗುತ್ತದೆ. ವಿಟಮಿನ್ ಸಿ ಸೆಲೆನೈಟಿನ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಉಳಿಯುವುದು ಬರೀ ಸೆಲೆನಿಯಂ, ಕೆಂಪು ಪುಡಿ. ಅದು ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಕೂತರೆ ಕೋಳಿಗೆ ಸಿಗುವುದು ಅಷ್ಟಕ್ಕಷ್ಟೆ. ಕಲಬೆರಕೆ ಅಂದವರೂ ಇದ್ದಾರೆ. ಒಂದು ಬ್ಯಾಚನ್ನೂ ತೂಕ ತಪ್ಪಿಸಿ ಕಳಿಸಿದವರಲ್ಲ ನಾವು. ಸೆಲೆನೈಟಿನ ಗುಣವೇ ಅದು. ಸೆಲೆನೇಟಿನಲ್ಲಿ ಆಕ್ಸಿಜನ್ ಮೂರಲ್ಲ, ನಾಲ್ಕು. ಅದು ವಿಟಮಿನ್ ಸಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

ಹೊಸ ಲೇಬಲ್ ನೋಡಿದವರದೆಲ್ಲ ಒಂದೇ ಮಾತು: “ಉಪ್ಪು ಜಾಸ್ತಿ ಹಾಕಿದ್ದೀರಿ. ಸೆಲೆನಿಯಂ ವಿಷ ಅಲ್ವಾ?” ಅಳತೆ ಮೀರಿದರೆ ವಿಷವೇ. ಅದಕ್ಕೇ ಲೆಕ್ಕ ನೋಡಿ. ನೀರಿನಂಶ ಇಲ್ಲದ ಸೆಲೆನೈಟಿನಲ್ಲಿ ಸೆಲೆನಿಯಂ ಶೇ. 45.7, ಸೆಲೆನೇಟಿನಲ್ಲಿ ಶೇ. 41.8. ಅಂದರೆ 1 ಗ್ರಾಂ ಸೆಲೆನಿಯಂ ಕೊಡಲು ಮೊದಲು 2.19 ಗ್ರಾಂ ಉಪ್ಪು ಸಾಕಿತ್ತು, ಈಗ 2.39 ಗ್ರಾಂ ಬೇಕು. ಹೆಚ್ಚಾಗಿರುವುದು ಆ ನಾಲ್ಕನೇ ಆಕ್ಸಿಜನ್ನಿನ ತೂಕ. ಕೋಳಿಯ ಹೊಟ್ಟೆಗೆ ಹೋಗುವ ಸೆಲೆನಿಯಂ ಮೊದಲಿನಷ್ಟೇ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಎರಡು ಉಪ್ಪಿಗೂ ಒಂದೇ ಮಿತಿ ಹಾಕಿದೆ: 1 ಕೆಜಿ ಫೀಡಿಗೆ ಸೇರಿಸುವ ಸೆಲೆನಿಯಂ 0.3 ಮಿಲಿಗ್ರಾಂ ಮೀರಬಾರದು. ಹಾಗಂತ ಸೆಲೆನೇಟ್ ಸಾಧು ಅಂತಲ್ಲ. ಡೋಸ್ ದುಪ್ಪಟ್ಟು ಮಾಡಬೇಡಿ. ನಿಮ್ಮ ಫೀಡಿನಲ್ಲಿ ಮೊದಲೇ ಸೆಲೆನಿಯಂ ಇದ್ದರೆ ಪಶುವೈದ್ಯರನ್ನು ಕೇಳಿಯೇ ಕೊಡಿ.

ಇನ್ನು ದರ. ಇದರಲ್ಲಿ ಬೈಗುಳ ನಮಗೆ, ಬೆಲೆ ಕಟ್ಟುವವರು ಬೇರೆಯವರು. ಸೆಲೆನಿಯಂ ಬಹುಪಾಲು ಬರುವುದು ತಾಮ್ರ ಶುದ್ಧಿ ಮಾಡುವ ತೊಟ್ಟಿಯ ತಳದ ಕೆಸರಿನಿಂದ. ನಮಗೆ ಬೇಕು ಅಂತ ಯಾರೂ ತಾಮ್ರ ಜಾಸ್ತಿ ತೆಗೆಯುವುದಿಲ್ಲ. ಗಾಜಿನವರು, ಮ್ಯಾಂಗನೀಸಿನವರು ಲಾರಿಗಟ್ಟಲೆ ಕೊಳ್ಳುತ್ತಾರೆ. ನಾವು ಡಬ್ಬಿಗಟ್ಟಲೆ. ಚೌಕಾಸಿ ಮಾಡಲು ನಮಗೆ ಬಾಯಿ ಎಲ್ಲಿದೆ? ಜೊತೆಗೆ ಸೆಲೆನೈಟಿಗೆ ಇನ್ನೊಂದು ಆಕ್ಸಿಜನ್ ಸೇರಿಸಿ ಸೆಲೆನೇಟ್ ಮಾಡುವ ಖರ್ಚು ಬೇರೆ. ಲಾಭಕ್ಕೆ ಏರಿಸಿದ್ದೀರಿ ಅನ್ನುವವರು ಆಫೀಸಿಗೆ ಬನ್ನಿ, ಖರೀದಿ ಬಿಲ್ ತೋರಿಸುತ್ತೇವೆ.

ಹಳೆ ಬಾಟಲಿ ಬಿಸಾಡಬೇಡಿ, ಚೆನ್ನಾಗಿಯೇ ಇದೆ. ಬೆಳಿಗ್ಗೆ ವಿಟಮಿನ್ ಸಿ ಕೊಟ್ಟರೆ ಇದನ್ನು ಸಂಜೆ ಬೇರೆ ನೀರಿನಲ್ಲಿ ಕೊಡಿ. ಸೀಲ್ ಒಡೆಯದ ಬಾಟಲಿ ಇದ್ದರೆ ತನ್ನಿ. ಮೇಲೆ ಒಂದು ರೂಪಾಯಿಯೂ ತೆಗೆದುಕೊಳ್ಳದೆ ಹೊಸದು ಕೊಡುತ್ತೇವೆ. ಅನುಮಾನ ಇದ್ದರೆ ನನಗೇ ಫೋನ್ ಮಾಡಿ, ನಂಬರ್ ನಿಮ್ಮ ಹತ್ತಿರ ಇದ್ದೇ ಇದೆಯಲ್ಲ.

ಇಂತಿ,
ಘಟಕದ ಎಲ್ಲರ ಪರವಾಗಿ,
ವ್ಯವಸ್ಥಾಪಕರು