ಕ್ರಿಯಾಟಿನಿನ್ ಏರಿತೆಂದು ಮಾತ್ರೆ ಬಿಡಬೇಡ

ತೀರ್ಥಹಳ್ಳಿ

ಚಿ. ರಾಘುವಿಗೆ ಆಶೀರ್ವಾದಗಳು.

ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಶುರುಮಾಡಿ ಮೂರು ವಾರಕ್ಕೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) 1.0 ಇದ್ದದ್ದು 1.2 ಆಯಿತು, ಬಿಪಿಯೂ 124/78 ಇದೆ, ಹಾಗಾಗಿ ಮಾತ್ರೆ ಬಿಟ್ಟೆ ಅಂತ ಬರೆದಿದ್ದೀಯ. ಆ 124/78 ಅನ್ನುವುದು ನೀನು ಮಾತ್ರೆ ನುಂಗುತ್ತಿದ್ದಾಗ ಬಂದ ಅಂಕಿ, ಮಾರಾಯ. ಕ್ರಿಯಾಟಿನಿನ್ ಯಾಕೆ ಏರಿತು ಅನ್ನುವುದನ್ನು ಮೊದಲು ತಿಳಿದುಕೊ.

ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸಣ್ಣ ನಾಳಗಳ ಗಂಟುಗಳು ಸುಮಾರು 10 ಲಕ್ಷ ಇವೆ. ಪ್ರತಿ ಗಂಟಿಗೂ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ನಿನ್ನ ಹಾಗೆ ಸಕ್ಕರೆ ಕಾಯಿಲೆಯಿದ್ದು ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ, ಸೋಸಿದ ನೀರಿನಿಂದ ಸಕ್ಕರೆಯನ್ನು ವಾಪಸ್ ಹೀರುವ ನಳಿಕೆ ಜೊತೆಗೆ ಉಪ್ಪನ್ನೂ ಎಳೆದುಕೊಳ್ಳುತ್ತದೆ. ಮುಂದಕ್ಕೆ ಉಪ್ಪು ಕಡಿಮೆ ತಲುಪಿದ್ದು ನೋಡಿ, ಸೋಸಿದ್ದು ಸಾಲದೆಂದು ಕಿಡ್ನಿ ತಪ್ಪು ಲೆಕ್ಕ ಹಾಕಿ ತರುವ ನಾಳವನ್ನು ಹಿಗ್ಗಿಸುತ್ತದೆ. ಅತ್ತ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಒಯ್ಯುವ ನಾಳವನ್ನು ಬಿಗಿಹಿಡಿಯುತ್ತದೆ. ತೋಟದ ಪೈಪಿಗೆ ನೀರು ಜೋರಾಗಿ ಬಿಟ್ಟು ತುದಿಯನ್ನು ಬೆರಳಲ್ಲಿ ಅದುಮಿದ ಹಾಗೆ, ಒಳಗೆ ಒತ್ತಡ ಏರುತ್ತದೆ. ಮೊದಲು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ, ವರ್ಷಗಳು ಕಳೆದಂತೆ ಗಂಟು ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ತೋಳಿನ ಬಿಪಿ ಸರಿಯಿದ್ದಾಗಲೂ ಇದು ನಡೆಯಬಹುದು. ಆ ಬಿಪಿ ಏರಿದರಂತೂ ಹಿಗ್ಗಿದ ನಾಳ ತಡೆಯಲಾರದೆ ಒತ್ತಡ ನೇರ ಒಳಗೆ ನುಗ್ಗುತ್ತದೆ.

ಟೆಲ್ಮಿಸಾರ್ಟನ್ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ಒತ್ತಡ ಇಳಿದಾಗ ಸೋಸುವುದೂ ತುಸು ಕಡಿಮೆಯಾಗಿ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಮೊದಲ ನಾಲ್ಕು ವಾರದಲ್ಲಿ ಶೇ. 30ರವರೆಗಿನ ಏರಿಕೆಗೆ ಮಾತ್ರೆ ಬಿಡುವುದಿಲ್ಲ, ನಿನ್ನದು ಶೇ. 20. ಅದಕ್ಕೂ ಮೀರಿದರೆ, ಇಲ್ಲವೇ ಪೊಟ್ಯಾಸಿಯಂ 5.5 ದಾಟಿದರೆ ಡಾಕ್ಟರನ್ನು ತಕ್ಷಣ ಕಾಣಬೇಕು. ಈಗ ಅವರಿಗೆ ಫೋನ್ ಮಾಡಿ, ಬಿಟ್ಟಿದ್ದನ್ನು ಮುಚ್ಚಿಡದೆ ಹೇಳಿ, ಮತ್ತೆ ಶುರುಮಾಡು. ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ನೋಡಿಸು. ಡಾಕ್ಟರು ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ಸೇರಿಸಿದರೂ ಗಾಬರಿಯಾಗಬೇಡ. ಅದು ಆ ಕಡೆಯ, ರಕ್ತ ತರುವ ಹಿಗ್ಗಿದ ನಾಳವನ್ನು ಹತೋಟಿಗೆ ತರುತ್ತದೆ. ಆಗಲೂ ಕ್ರಿಯಾಟಿನಿನ್ ಮೊದಲು ಸ್ವಲ್ಪ ಏರಬಹುದು.

ಅಡಿಕೆ ಕೊಯ್ಲಿನ ಸಮಯದಲ್ಲಿ ಸೊಂಟನೋವೆಂದು ಡೈಕ್ಲೋಫೆನಾಕ್ ನುಂಗುವ ಅಭ್ಯಾಸ ನಮ್ಮ ಕಡೆ ಮನೆಮನೆಯಲ್ಲೂ ಇದೆ. ನಿನಗೆ ಅದು ಬೇಡವೇ ಬೇಡ. ಅದು ತರುವ ನಾಳವನ್ನು ಕಿರಿದುಮಾಡುತ್ತದೆ, ನಿನ್ನ ಮಾತ್ರೆ ಒಯ್ಯುವುದನ್ನು ತೆರೆದಿರುತ್ತದೆ, ಒಳಗೆ ಸೋಸುವಷ್ಟೂ ಒತ್ತಡ ಉಳಿಯುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯೂ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಳೆಗಾಲದಲ್ಲಿ ವಾಂತಿಭೇದಿ ಹಿಡಿದು ನೀರೂ ನಿಲ್ಲದಿದ್ದರೆ ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್ ಮೂರನ್ನೂ ನಿಲ್ಲಿಸಿ ಡಾಕ್ಟರಿಗೆ ತಿಳಿಸು. ಊಟ ನೀರು ಸರಿಯಾಗಿ ಸೇರಿ ಒಂದೆರಡು ದಿನಕ್ಕೆ ಮತ್ತೆ ಶುರು.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ, ಅದೂ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲ ಸೇರಿ. ಉಪ್ಪು ಜಾಸ್ತಿಯಾದರೆ ಟೆಲ್ಮಿಸಾರ್ಟನ್ ಅರ್ಧಂಬರ್ಧ ಕೆಲಸ ಮಾಡುತ್ತದೆ. ಅಪ್ಪೆಮಿಡಿ ಬಿಡು ಅಂದರೆ ನೀನು ಕೇಳುವವನಲ್ಲ, ಚೂರು ಕಚ್ಚು, ರಸ ಕಲಸಬೇಡ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪನ್ನೂ ತರಬೇಡ, ಅದರಲ್ಲಿರುವುದು ಪೊಟ್ಯಾಸಿಯಂ, ಟೆಲ್ಮಿಸಾರ್ಟನ್ ಜೊತೆ ಅದು ರಕ್ತದಲ್ಲಿ ಏರಿಬಿಡಬಹುದು.

ಬಿಪಿ ನೋಡುವ ಅರ್ಧ ಗಂಟೆ ಮೊದಲು ಕಾಫಿ, ಕವಳ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು ಎರಡು ಸಲ ನೋಡು. ಬೆಳಿಗ್ಗೆ ಮಾತ್ರೆಗೆ ಮೊದಲು, ಮತ್ತೆ ಸಂಜೆ, ಒಂದು ವಾರ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆ, 130/80ರ ಒಳಗಿರಬೇಕು.

ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾತ್ರ ನೀನು ಬರೆದೇ ಇಲ್ಲ. ಗ್ರಾಂಗೆ 30 ಮಿ.ಗ್ರಾಂ ಒಳಗಿದ್ದರೆ ಸರಿ, 300 ದಾಟಿದರೆ ಸೋರಿಕೆ ಜೋರಾಗಿದೆ ಎಂದರ್ಥ. ಬೆಳಗಿನ ಮೊದಲ ಮೂತ್ರ ಕೊಡು, ಜ್ವರವಿದ್ದಾಗ ಬೇಡ. ರಿಪೋರ್ಟ್ ಬಂದ ಕೂಡಲೇ ಫೋಟೊ ತೆಗೆದು ನನಗೆ ಕಳಿಸು.

ಇತಿ,
ನಿನ್ನ ಸೋದರಮಾವ